ಫೋಟೊ ತಿದ್ದುವ ಕಂಪ್ಯೂಟರ್: ಕಟ್ಟಿಸಿದ್ದೋ, ಕೊಂಡದ್ದೋ?

ದಾವಣಗೆರೆಯ ಮಂಡಿಪೇಟೆಯಲ್ಲಿ ನಿಂತು 'ಹಾರ್ಡ್‌ವೇರ್ ಅಂಗಡಿ ಎಲ್ಲಿದೆ?' ಎಂದು ಕೇಳಿದರೆ ಜನ ನಿಮ್ಮನ್ನು ಮೊಳೆ, ತಿರುಪು, ಚಿಲಕ, ಸರಪಳಿ ಮಾರುವ ಅಂಗಡಿಯ ಕಡೆಗೆ ಕೈ ತೋರಿಸುತ್ತಾರೆ. ಅವರು ಹೇಳುವುದು ಸರಿಯಾಗಿಯೇ ಇದೆ. ಆ ಪದದ ಹಳೆಯ ಅರ್ಥ ಅದೇ. ಕಂಪ್ಯೂಟರಿನವರು ಅದನ್ನು ಎರವಲು ಪಡೆದದ್ದು ಬಹಳ ತಡವಾಗಿ. ಕನ್ನಡದಲ್ಲಿ ನಾವು ಅದನ್ನು 'ಯಂತ್ರಾಂಶ' ಎಂದು ಕರೆದುಕೊಂಡೆವು. ಮೊಳೆ ತಿರುಪುಗಳ ಹಾರ್ಡ್‌ವೇರಿಗೂ ಕಂಪ್ಯೂಟರಿನ ಹಾರ್ಡ್‌ವೇರಿಗೂ ಇರುವ ನಂಟು ಹೆಸರಿನದು ಮಾತ್ರವಲ್ಲ. ಎರಡರ ಇತಿಹಾಸವೂ ಒಂದೇ ಎಳೆಯದು. ಆ ಎಳೆಯನ್ನು ಹಿಡಿದು ಹೋದರೆ ಬಹಳ ಜನ ಕೇಳುವ ಒಂದು ಪ್ರಶ್ನೆಗೆ ಉತ್ತರ ಸಿಗುತ್ತದೆ.

ಪ್ರಶ್ನೆ ಇದು. ಮದುವೆ ಫೋಟೊ ತೆಗೆಯುವ ಸ್ಟುಡಿಯೊದವರು, ಶಾಲೆಯ ವಾರ್ಷಿಕ ಸಂಚಿಕೆಗೆ ಚಿತ್ರಗಳನ್ನು ಸಿದ್ಧಪಡಿಸುವ ಅಧ್ಯಾಪಕರು, ಕ್ಯಾಮೆರಾ ಹುಚ್ಚು ಹತ್ತಿದ ವಿದ್ಯಾರ್ಥಿಗಳು – ಭೌತವಿಜ್ಞಾನ ಕಲಿಸುವ ನನ್ನಂಥವರನ್ನು ಇವರೆಲ್ಲ ಕೇಳುತ್ತಾರೆ: 'ಸಾರ್, ಫೋಟೊ ಎಡಿಟಿಂಗಿಗೆ ಕಂಪ್ಯೂಟರ್ ಬೇಕು. ಬಿಡಿಭಾಗ ತಂದು ಅಸೆಂಬಲ್ ಮಾಡಿಸುವುದೋ, ಷೋರೂಮಿನಲ್ಲಿ ಬ್ರ್ಯಾಂಡೆಡ್ ಕೊಳ್ಳುವುದೋ?' ಸಣ್ಣ ಊರಿನ ಸ್ಟುಡಿಯೊಗೆ ಇದು ಹಗುರವಾದ ಪ್ರಶ್ನೆಯಲ್ಲ. ಒಂದು ಮದುವೆ ಸೀಸನ್ನಿನ ದುಡಿಮೆ ಆ ಪೆಟ್ಟಿಗೆಗೆ ಹೋಗುತ್ತದೆ. ಮುಂದಿನ ನಾಲ್ಕೈದು ಸೀಸನ್ನುಗಳ ದುಡಿಮೆ ಆ ಪೆಟ್ಟಿಗೆಯಿಂದಲೇ ಬರಬೇಕು. ಆದ್ದರಿಂದ ಉತ್ತರ ಕೊಡುವ ಮೊದಲು ಈ ಆಯ್ಕೆ ನಮ್ಮ ಕೈಗೆ ಬಂದದ್ದಾದರೂ ಹೇಗೆ ಎಂದು ನೋಡೋಣ.

ಹರಿಹರದ ಲೇತ್ ಹೇಳುವ ಪಾಠ

ದಾವಣಗೆರೆಯ ನೆರೆಯ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಯಿತು. ಲೇತ್ ಯಂತ್ರಗಳಿಗೆ ಅದು ದೇಶದಲ್ಲೆಲ್ಲ ಹೆಸರಾಯಿತು. ಈ ಶತಮಾನದ ಆರಂಭದಲ್ಲಿ ಕಾರ್ಖಾನೆ ಮುಚ್ಚಿತು. ಆದರೆ ಅಲ್ಲಿ ತಯಾರಾದ ಲೇತ್‌ಗಳು ಎಷ್ಟೋ ವರ್ಕ್‌ಶಾಪುಗಳಲ್ಲಿ ಆಮೇಲೂ ತಿರುಗುತ್ತಲೇ ಇದ್ದವು. ತಯಾರಿಸಿದವರು ಇಲ್ಲವಾದ ಮೇಲೂ ಯಂತ್ರ ಬದುಕಿದ್ದು ಹೇಗೆ?

ಕಾರಣ ಸರಳ. ಅದರ ಬೇರಿಂಗು, ಬೆಲ್ಟು, ಮೋಟಾರು, ತಿರುಪುಗಳೆಲ್ಲ ಗೊತ್ತಾದ ಅಳತೆಯವು. ಸವೆದದ್ದನ್ನು ತೆಗೆದು ಪೇಟೆಯಲ್ಲಿ ಸಿಗುವ ಅದೇ ಅಳತೆಯ ಬೇರೊಂದನ್ನು ಹಾಕಬಹುದು. ಹೀಗೆ ಒಬ್ಬರು ಮಾಡಿದ ಬೋಲ್ಟಿಗೆ ಇನ್ನೊಬ್ಬರು ಮಾಡಿದ ನಟ್ಟು ಕೂರುವುದು ನಮಗೆ ಇಂದು ಸಹಜವೆನಿಸುತ್ತದೆ. 19ನೆಯ ಶತಮಾನದ ಆದಿಯಲ್ಲಿ ಅದು ಸಹಜವಾಗಿರಲಿಲ್ಲ. ಪ್ರತಿ ಕಾರ್ಖಾನೆಯ ತಿರುಪಿಗೂ ಅದರದೇ ಗೆರೆ. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಎಂಬ ಎಂಜಿನಿಯರು ತಿರುಪಿನ ಗೆರೆಯ ಕೋನ 55 ಡಿಗ್ರಿ ಇರಲಿ, ಇಷ್ಟು ವ್ಯಾಸಕ್ಕೆ ಅಂಗುಲಕ್ಕೆ ಇಷ್ಟೇ ಗೆರೆ ಇರಲಿ ಎಂದು ಸೂಚಿಸಿದರು. ಕ್ರಮೇಣ ಅದು ಬ್ರಿಟನ್ನಿನ ಸಮಾನ ಮಾನಕವಾಯಿತು. ಮಾನಕ ಬಂದಲ್ಲಿ ಬಿಡಿಭಾಗದ ಪೇಟೆ ಹುಟ್ಟುತ್ತದೆ. ಬಿಡಿಭಾಗದ ಪೇಟೆ ಇದ್ದಲ್ಲಿ ಊರಿನ ಕೈಗಳು ಯಂತ್ರ ಕಟ್ಟಬಲ್ಲವು, ರಿಪೇರಿ ಮಾಡಬಲ್ಲವು. ಕಂಪ್ಯೂಟರಿನ ವಿಷಯದಲ್ಲೂ ನಡೆದದ್ದು ಇದೇ. ಆದರೆ ಅದಕ್ಕೆ ಮೊದಲು ಫೋಟೊ ಕಂಪ್ಯೂಟರಿನೊಳಗೆ ಬರಬೇಕಾಗಿತ್ತು.

ಚಿತ್ರ ಸಂಖ್ಯೆಯಾಯಿತು

1957ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ರಸೆಲ್ ಕಿರ್ಷ್ ಎಂಬ ವಿಜ್ಞಾನಿ ತಮ್ಮ ಎಳೆಯ ಮಗನ ಫೋಟೊ ಒಂದನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಉಣಿಸಿದರು. ಆ ಚಿತ್ರದ ಗಾತ್ರ ಉದ್ದ 176, ಅಗಲ 176 ಚುಕ್ಕೆಗಳು. ಅಂದರೆ ಒಟ್ಟು 30,976. ಈ ಚುಕ್ಕೆಗಳನ್ನೇ ನಾವು ಈಗ ಪಿಕ್ಸೆಲ್ ಎನ್ನುತ್ತೇವೆ. 1969ರಲ್ಲಿ ಬೆಲ್ ಪ್ರಯೋಗಾಲಯದ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿ.ಸಿ.ಡಿ. ಎಂಬ ಅರೆವಾಹಕ ಸಾಧನವನ್ನು ರೂಪಿಸಿದರು. ಬೆಳಕು ಬಿದ್ದಲ್ಲಿ ವಿದ್ಯುದಾವೇಶ ಕೂಡಿಟ್ಟು, ಅದನ್ನು ಸಾಲುಸಾಲಾಗಿ ಹೊರಗೆ ಸಾಗಿಸುವುದು ಅದರ ತತ್ತ್ವ. ಇದಕ್ಕೆ ಅವರಿಗೆ 2009ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. 1975ರಲ್ಲಿ ಕೊಡಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಸಿ.ಸಿ.ಡಿ. ಬಳಸಿ ಒಂದು ಡಿಜಿಟಲ್ ಕ್ಯಾಮೆರಾ ಕಟ್ಟಿದರು. ಹತ್ತು ಸಾವಿರ ಚುಕ್ಕೆಗಳ ಒಂದು ಕಪ್ಪು ಬಿಳುಪು ಚಿತ್ರ ಕ್ಯಾಸೆಟ್ ಟೇಪಿಗೆ ಇಳಿಯಲು 23 ಸೆಕೆಂಡು ಹಿಡಿಯುತ್ತಿತ್ತು.

ಚಿತ್ರವನ್ನು ಸಂಖ್ಯೆಗಳಾಗಿ ಇಟ್ಟುಕೊಂಡರೆ ಜಾಗ ಬಹಳ ಬೇಕು. ಇದಕ್ಕೆ ಉಪಾಯ ಕೊಟ್ಟವರಲ್ಲಿ ನಮ್ಮ ನಾಡಿನವರೊಬ್ಬರು ಮುಖ್ಯರು ಎಂಬುದು ನಿಮ್ಮ ವಿದ್ಯಾರ್ಥಿಗಳಿಗೆ ತಿಳಿದಿರಲಿ. ಅವರು ನಾಸಿರ್ ಅಹ್ಮದ್. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಈಗ ವಿಶ್ವೇಶ್ವರಯ್ಯನವರ ಹೆಸರು ಹೊತ್ತಿರುವ ಅಲ್ಲಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ಹೋದವರು. 1974ರ ಜನವರಿಯಲ್ಲಿ ಅವರು ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಅವರೊಂದಿಗೆ 'ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್' ಎಂಬ ಗಣಿತ ವಿಧಾನವನ್ನು ಪ್ರಕಟಿಸಿದರು. ಚಿತ್ರದ ತುಣುಕೊಂದನ್ನು ಬೇರೆ ಬೇರೆ ಆವೃತ್ತಿಯ ಕೊಸೈನ್ ಅಲೆಗಳ ಮೊತ್ತವಾಗಿ ಬರೆಯುವುದು ಇದರ ಹುರುಳು. ಹಾಗೆ ಬರೆದಾಗ ಚಿತ್ರದ ಬಹುಪಾಲು ಸತ್ತ್ವ ಕೆಲವೇ ಅಲೆಗಳಲ್ಲಿ ಅಡಕವಾಗುತ್ತದೆ. ಕಣ್ಣು ಅಷ್ಟಾಗಿ ಗುರುತಿಸದ ಸಣ್ಣ ಅಲೆಗಳನ್ನು ಒರಟಾಗಿ ದಾಖಲಿಸಿದರೂ ನಡೆಯುತ್ತದೆ. 1992ರ ಜೆಪೆಗ್ ಮಾನಕ ನಿಂತಿರುವುದು ಇದರ ಮೇಲೆಯೇ; ಅದು ಚಿತ್ರವನ್ನು ಎಂಟು ಗುಣಿಸು ಎಂಟು ಪಿಕ್ಸೆಲ್‌ಗಳ ಚೌಕಗಳಾಗಿ ಕತ್ತರಿಸಿ ಈ ಲೆಕ್ಕ ಮಾಡುತ್ತದೆ. ನೀವು ಮೊಬೈಲಿನಲ್ಲಿ ಕಳಿಸುವ ಫೋಟೊಗಳಲ್ಲಿ ಹೆಚ್ಚಿನವು ಈ ಗಣಿತವನ್ನು ಹೊತ್ತೇ ಸಾಗುತ್ತವೆ.

ಇಲ್ಲಿ ಒಂದು ಅಂಶ ನೆನಪಿಡಿ. ಜೆಪೆಗ್ ಚಿಕ್ಕದಾಗಿರುವುದು ಡಿಸ್ಕಿನಲ್ಲಿ ಮಲಗಿರುವಾಗ ಮಾತ್ರ. ತಿದ್ದಲೆಂದು ಅದನ್ನು ತೆರೆದ ಕೂಡಲೇ ಪ್ರತಿ ಪಿಕ್ಸೆಲ್ಲೂ ತನ್ನ ಪೂರ್ಣ ತೂಕದೊಂದಿಗೆ ಮೆಮೊರಿಯಲ್ಲಿ ಎದ್ದು ಕೂರುತ್ತದೆ. ಯಾವ ಕಂಪ್ಯೂಟರ್ ಕೊಳ್ಳಬೇಕೆಂಬ ಲೆಕ್ಕ ಶುರುವಾಗುವುದೇ ಇಲ್ಲಿಂದ.

ತೆರೆದ ಪೆಟ್ಟಿಗೆ, ಮುಚ್ಚಿದ ಪೆಟ್ಟಿಗೆ

1981ರ ಆಗಸ್ಟ್ 12ರಂದು ಐ.ಬಿ.ಎಂ. ಕಂಪನಿ ತನ್ನ ಪರ್ಸನಲ್ ಕಂಪ್ಯೂಟರನ್ನು ಬಿಡುಗಡೆ ಮಾಡಿತು. ಒಂದು ವರ್ಷದೊಳಗೆ ಯಂತ್ರ ಸಿದ್ಧವಾಗಬೇಕೆಂಬ ಅವಸರದಲ್ಲಿ ಅದರ ಎಂಜಿನಿಯರುಗಳು ಪೇಟೆಯಲ್ಲಿ ಸಿಗುವ ಭಾಗಗಳನ್ನೇ ಬಳಸಿದರು. ಸಂಸ್ಕಾರಕ ಇಂಟೆಲ್‌ನದು, ವೇಗ 4.77 ಮೆಗಾಹರ್ಟ್ಸ್. ಒಳಗೆ ಹೆಚ್ಚುವರಿ ಕಾರ್ಡುಗಳನ್ನು ಸಿಕ್ಕಿಸಲು ಐದು ಸಂದು. ಮಂಡಲದ ನಕ್ಷೆಗಳನ್ನು ಕಂಪನಿ ಪುಸ್ತಕ ಮಾಡಿ ಮಾರಿತು. ತನ್ನದೆಂದು ಉಳಿಸಿಕೊಂಡದ್ದು ಮುಖ್ಯವಾಗಿ ಬಯೋಸ್ ಎಂಬ ಸಣ್ಣ ತಂತ್ರಾಂಶವನ್ನು. ಮರುವರ್ಷವೇ ಬೇರೆ ಕಂಪನಿಗಳು ಮೂಲವನ್ನು ನಕಲಿಸದೆ, ಅದೇ ರೀತಿ ವರ್ತಿಸುವ ಬಯೋಸನ್ನು ಹೊಸದಾಗಿ ಬರೆದುಕೊಂಡವು. 1982ರ ನವೆಂಬರಿನಲ್ಲಿ ಕಾಂಪ್ಯಾಕ್ ಕಂಪನಿ ತನ್ನ ಹೊಂದಾಣಿಕೆಯ ಯಂತ್ರವನ್ನು ಪ್ರಕಟಿಸಿತು. 1984ರಲ್ಲಿ ಫೀನಿಕ್ಸ್ ಕಂಪನಿ ಬಯೋಸನ್ನೇ ಮಾರಾಟಕ್ಕಿಟ್ಟಿತು. ಅಲ್ಲಿಗೆ ಯಾರು ಬೇಕಾದರೂ ಪಿ.ಸಿ. ಕಟ್ಟಬಹುದು ಎಂದಾಯಿತು. 1995ರಲ್ಲಿ ಇಂಟೆಲ್ ಎ.ಟಿ.ಎಕ್ಸ್. ಎಂಬ ಮಾನಕ ತಂದು ಮದರ್‌ಬೋರ್ಡಿನ ಆಕಾರ, ತಿರುಪಿನ ತೂತುಗಳ ಜಾಗ, ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್‌ನ ಪ್ಲಗ್ಗು ಎಲ್ಲವನ್ನೂ ಗೊತ್ತುಪಡಿಸಿತು. ವಿಟ್‌ವರ್ತ್ ತಿರುಪಿಗೆ ಮಾಡಿದ್ದನ್ನು ಇದು ಕಂಪ್ಯೂಟರ್ ಪೆಟ್ಟಿಗೆಗೆ ಮಾಡಿತು.

ಇನ್ನೊಂದು ದಾರಿಯೂ ಇತ್ತು. 1984ರಲ್ಲಿ ಬಂದ ಆ್ಯಪಲ್‌ನ ಮ್ಯಾಕಿಂಟಾಷ್ ಬಳಕೆದಾರ ತೆರೆಯದಿರಲಿ ಎಂದೇ ರೂಪಿಸಿದ ಪೆಟ್ಟಿಗೆ. ಯಂತ್ರ, ಪರದೆ, ತಂತ್ರಾಂಶ ಮೂರೂ ಒಂದೇ ಮನೆಯವು. ಆದ್ದರಿಂದ ಹೊಂದಾಣಿಕೆ ಚೆನ್ನು, ಬೆಲೆ ದುಬಾರಿ. ಥಾಮಸ್ ನೋಲ್ ಮತ್ತು ಜಾನ್ ನೋಲ್ ಸೋದರರ ಫೋಟೊಶಾಪ್ 1990ರ ಫೆಬ್ರವರಿಯಲ್ಲಿ ಮೊದಲು ಬಂದದ್ದು ಈ ಮ್ಯಾಕಿಂಟಾಷಿಗೆ. ವಿಂಡೋಸ್ ಯಂತ್ರಗಳಿಗೆ ಅದು ಬರಲು 1993 ಆಗಬೇಕಾಯಿತು. ಅಂದರೆ 'ಕಟ್ಟಿಸಿದ್ದೋ, ಕೊಂಡದ್ದೋ' ಎಂಬ ಪ್ರಶ್ನೆ ಫೋಟೊ ತಿದ್ದುವವರ ಮುಂದೆ ಬಂದು ನಿಂತದ್ದು ಆ ವರ್ಷದಿಂದ ಎನ್ನಬಹುದು.

ನಮ್ಮಲ್ಲಿಗೆ ಬಂದ ಬಗೆ

ಭಾರತದಲ್ಲಿ ಆಗ ಕಂಪ್ಯೂಟರ್ ಆಮದು ಸುಲಭವಾಗಿರಲಿಲ್ಲ. 1978ರಲ್ಲಿ ಐ.ಬಿ.ಎಂ. ದೇಶ ಬಿಟ್ಟು ಹೋದ ಮೇಲೆ ಸ್ವದೇಶಿ ತಯಾರಕರು ತಲೆಯೆತ್ತಿದರು. ಬೆಂಗಳೂರಿನ ವಿಪ್ರೊ ಮತ್ತು ಪಿ.ಎಸ್.ಐ. ಡೇಟಾ ಸಿಸ್ಟಮ್ಸ್ ಅವರಲ್ಲಿ ಸೇರಿದ್ದವು. 1984ರ ನವೆಂಬರಿನ ಹೊಸ ಕಂಪ್ಯೂಟರ್ ನೀತಿ ಆಮದಿನ ಬಿಗಿಯನ್ನು ಸಡಿಲಿಸಿತು. 1991ರ ಆರ್ಥಿಕ ಬದಲಾವಣೆ ಇನ್ನಷ್ಟು ಬಾಗಿಲು ತೆರೆಯಿತು. 1997ರಲ್ಲಿ ಭಾರತ ವಿಶ್ವ ವ್ಯಾಪಾರ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿತು. ಅದರಂತೆ ಕಂಪ್ಯೂಟರ್ ಮತ್ತು ಅದರ ಭಾಗಗಳ ಮೇಲಿನ ಆಮದು ಸುಂಕ 2005ರ ಹೊತ್ತಿಗೆ ಸೊನ್ನೆಗೆ ಇಳಿಯಿತು. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದೂ 1997ರಲ್ಲಿಯೇ.

ಬೆಂಗಳೂರಿನ ಎಸ್.ಪಿ. ರಸ್ತೆ ಬಿಡಿಭಾಗಗಳ ದೊಡ್ಡ ಸಂತೆಯಾಗಿ ಬೆಳೆಯಿತು. ಮಂಡಿಯ ವ್ಯಾಪಾರ ಗೊತ್ತಿರುವವರಿಗೆ ಅಲ್ಲಿನ ರೀತಿ ಹೊಸದಲ್ಲ: ಬೆಳಗಿನ ದರ ಸಂಜೆಗಿಲ್ಲ, ಸರಕನ್ನು ಕಣ್ಣಾರೆ ನೋಡಿ ಕೊಳ್ಳಬೇಕು, ಮಾತು ಕೊಟ್ಟವನ ಮುಖ ನೆನಪಿರಬೇಕು. ಅಲ್ಲಿಂದ ಕ್ಯಾಬಿನೆಟ್ಟು, ಮದರ್‌ಬೋರ್ಡು, ರ‍್ಯಾಮು, ಹಾರ್ಡ್ ಡಿಸ್ಕು ಹೊತ್ತ ಪೆಟ್ಟಿಗೆಗಳು ರಾತ್ರಿ ಬಸ್ಸು, ಲಾರಿಗಳಲ್ಲಿ ಜಿಲ್ಲಾ ಕೇಂದ್ರಗಳಿಗೆ ಬಂದವು. ದಾವಣಗೆರೆಯಂಥ ಊರಿನಲ್ಲಿ ಅವನ್ನು ಜೋಡಿಸುವ ಕೈಗಳಿಗೆ ಕೊರತೆ ಇರಲಿಲ್ಲ. ಯು.ಬಿ.ಡಿ.ಟಿ. ಕಾಲೇಜು 1951ರಿಂದ, ಬಾಪೂಜಿ ತಾಂತ್ರಿಕ ಸಂಸ್ಥೆ 1979ರಿಂದ ಎಂಜಿನಿಯರುಗಳನ್ನು ತಯಾರಿಸುತ್ತ ಬಂದ ಊರು ಇದು. ಹತ್ತಿ ಗಿರಣಿಗಳ ಕಾಲದಿಂದ ಯಂತ್ರ ಬಿಚ್ಚಿ ಹಾಕುವ ಅಭ್ಯಾಸವೂ ಇತ್ತು.

ಸ್ಟುಡಿಯೊಗಳ ಬದಲಾವಣೆಯೂ ಇದೇ ಹೊತ್ತಿಗೆ ಬಂತು. ಅಲ್ಲಿಯ ತನಕ ನೆಗೆಟಿವ್ ಮೇಲೆ ಸಣ್ಣ ಪೆನ್ಸಿಲಿನಿಂದ ಮುಖದ ಕಲೆ ಮರೆಸುವ 'ಟಚಿಂಗ್' ಒಂದು ಕಲೆಯಾಗಿತ್ತು. 2003–04ರ ಸುಮಾರಿಗೆ ಕೈಗೆಟಕುವ ಬೆಲೆಯ ಡಿಜಿಟಲ್ ಎಸ್.ಎಲ್.ಆರ್. ಕ್ಯಾಮೆರಾಗಳು ಬಂದವು. ಕೆಲವೇ ವರ್ಷಗಳಲ್ಲಿ ಡಾರ್ಕ್ ರೂಮಿನ ಕೆಂಪು ದೀಪ ಆರಿ, ಆ ಕೋಣೆಯಲ್ಲಿ ಕಂಪ್ಯೂಟರ್ ಕೂತಿತು. ಅದು ಹೆಚ್ಚಾಗಿ ಕಟ್ಟಿಸಿದ ಕಂಪ್ಯೂಟರೇ. ಬೆಲೆ ಕಡಿಮೆ ಎಂಬುದು ಒಂದು ಕಾರಣ. ಕೆಟ್ಟರೆ ಊರಿನಲ್ಲೇ ಸರಿಪಡಿಸಬಹುದು ಎಂಬುದು ಇನ್ನೊಂದು. ಈ ವರ್ಷ ರ‍್ಯಾಮ್, ಬರುವ ವರ್ಷ ಡಿಸ್ಕ್ ಎಂದು ಕೈಲಾದಂತೆ ಹಿಗ್ಗಿಸಬಹುದು ಎಂಬುದು ಮೂರನೆಯದು.

ಕರಿಜ್ಮಾ ಹಾಳೆಯ ಲೆಕ್ಕ

ಈಗ ಕಾಗದ ಪೆನ್ಸಿಲು ತೆಗೆದುಕೊಳ್ಳಿ. ಮದುವೆಯ 'ಕರಿಜ್ಮಾ' ಆಲ್ಬಮ್ಮಿನ ಬಿಡಿಸಿದ ಹಾಳೆ ಸಾಮಾನ್ಯವಾಗಿ 12 ಅಂಗುಲ ಎತ್ತರ, 36 ಅಂಗುಲ ಅಗಲ. ಮುದ್ರಣಕ್ಕೆ ಅಂಗುಲಕ್ಕೆ 300 ಪಿಕ್ಸೆಲ್ ಎಂದು ಇಟ್ಟುಕೊಂಡರೆ 3,600 ಗುಣಿಸು 10,800. ಅಂದರೆ 3 ಕೋಟಿ 88 ಲಕ್ಷ 80 ಸಾವಿರ ಪಿಕ್ಸೆಲ್. ಪ್ರತಿ ಪಿಕ್ಸೆಲ್ಲಿಗೆ ಕೆಂಪು, ಹಸಿರು, ನೀಲಿ ಎಂದು ಮೂರು ಬೈಟ್. ಒಟ್ಟು ಸುಮಾರು 117 ಮೆಗಾಬೈಟ್. ಇದು ಒಂದು ಪದರದ ಲೆಕ್ಕ. ಹಿನ್ನೆಲೆ, ವಧೂವರರು, ಹೂವಿನ ಅಂಚು, ಹೆಸರು ಎಂದು ಹಾಳೆ ತುಂಬುವ ಹತ್ತು ಪದರಗಳಾದರೆ ಸುಮಾರು 1,170 ಮೆಗಾಬೈಟ್. ಹಿಂದಿನ ಹೆಜ್ಜೆಗೆ ಮರಳಲು ತಂತ್ರಾಂಶ ಇಟ್ಟುಕೊಳ್ಳುವ ನಕಲುಗಳು ಇದಕ್ಕೆ ಹೊರತು.

2005ರಲ್ಲಿ 512 ಮೆಗಾಬೈಟ್ ರ‍್ಯಾಮ್ ಇದ್ದ ಯಂತ್ರದಲ್ಲಿ ಈ ಹಾಳೆಯನ್ನು ತೆರೆದಿರೆಂದು ಊಹಿಸಿ. ಹಿಡಿಸದೆ ಉಳಿದ ಭಾಗವನ್ನು ಕಂಪ್ಯೂಟರ್ ಹಾರ್ಡ್ ಡಿಸ್ಕಿನಲ್ಲಿ ಇಡುತ್ತದೆ, ಬೇಕಾದಾಗ ಮತ್ತೆ ತರುತ್ತದೆ. ಆ ಕಾಲದ ರ‍್ಯಾಮ್ ಸೆಕೆಂಡಿಗೆ 3,000 ಮೆಗಾಬೈಟ್‌ನಷ್ಟು ಸಾಗಿಸಬಲ್ಲದಾಗಿದ್ದರೆ ಡಿಸ್ಕಿನ ಶಕ್ತಿ ಸುಮಾರು 50. ಹೊರಗುಳಿದ 650 ಮೆಗಾಬೈಟನ್ನು ಒಮ್ಮೆ ತರಲು 13 ಸೆಕೆಂಡು, ಇಡಲು ಇನ್ನೊಂದು 13. ಅದೂ ದತ್ತಾಂಶ ಸಾಲಾಗಿ ಇದ್ದರೆ. ಚದುರಿದ್ದರೆ ಡಿಸ್ಕ್ ಪ್ರತಿ ಸಲವೂ ತಿರುಗಿ ಆ ಜಾಗಕ್ಕೆ ಬರುವವರೆಗೆ ಕಾಯಬೇಕು. ನಿಮಿಷಕ್ಕೆ 7,200 ಸುತ್ತು ಎಂದರೆ ಸೆಕೆಂಡಿಗೆ 120. ಒಂದು ಸುತ್ತಿಗೆ 8.33 ಮಿಲಿಸೆಕೆಂಡು, ಸರಾಸರಿ ಕಾಯುವಿಕೆ ಅದರರ್ಧ, 4.17 ಮಿಲಿಸೆಕೆಂಡು. 3 ಗಿಗಾಹರ್ಟ್ಸ್ ಸಂಸ್ಕಾರಕ ಅಷ್ಟರಲ್ಲಿ ಒಂದು ಕೋಟಿ 25 ಲಕ್ಷ ಮಿಡಿತಗಳನ್ನು ಮುಗಿಸಿರುತ್ತದೆ. ಇನ್ನೂ ವೇಗದ ಸಂಸ್ಕಾರಕ ಹಾಕಿದ್ದರೆ ಏನಾಗುತ್ತಿತ್ತು? ಅದು ಇನ್ನೂ ಹೆಚ್ಚು ಮಿಡಿತ ಸುಮ್ಮನೆ ಕಾಯುತ್ತಿತ್ತು, ಅಷ್ಟೆ.

ಈ ಲೇಖನದ ಹೃದಯ ಇರುವುದು ಇಲ್ಲಿ. ಗಾಡಿಗಳ ಸಾಲು ಇಕ್ಕಟ್ಟಾದ ಬೀದಿಯ ವೇಗದಲ್ಲೇ ಸಾಗುತ್ತದೆ. ಅಗಲವಾದ ಬೀದಿಯನ್ನು ಇನ್ನಷ್ಟು ಅಗಲ ಮಾಡಿ ಫಲವಿಲ್ಲ. ಕಂಪ್ಯೂಟರ್ ಆರಿಸುವುದೆಂದರೆ ನಿಮ್ಮ ಕೆಲಸದ ಇಕ್ಕಟ್ಟು ಎಲ್ಲಿದೆ ಎಂದು ಪತ್ತೆ ಮಾಡುವುದು.

ಇಕ್ಕಟ್ಟು ಜಾಗ ಬದಲಿಸುತ್ತದೆ

ಇತಿಹಾಸವನ್ನು ನೋಡಿದರೆ ಈ ಇಕ್ಕಟ್ಟು ಒಂದೇ ಕಡೆ ನಿಂತಿಲ್ಲ. ಮೊದಲು ಅದು ಮೆಮೊರಿಯಲ್ಲಿತ್ತು. 32 ಬಿಟ್ ವಿಳಾಸದ ಯಂತ್ರ ಎಣಿಸಬಲ್ಲದ್ದು ಎರಡರ 32ನೆಯ ಘಾತ, ಅಂದರೆ 4 ಗಿಗಾಬೈಟ್ ಮಾತ್ರ. 2008ರಲ್ಲಿ ವಿಂಡೋಸಿನ ಫೋಟೊಶಾಪ್ 64 ಬಿಟ್‌ಗೆ ಬಂದಾಗ ಆ ಗೋಡೆ ಬಿತ್ತು. ಆಮೇಲೆ ಇಕ್ಕಟ್ಟು ಡಿಸ್ಕಿನಲ್ಲಿ ಎದ್ದು ಕಂಡಿತು. ತಿರುಗುವ ತಟ್ಟೆಯೇ ಇಲ್ಲದ ಎಸ್.ಎಸ್.ಡಿ.ಗಳು ಸಾಮಾನ್ಯರ ಕೈಗೆ ಬಂದ ಮೇಲೆ ಅದೂ ಸಡಿಲವಾಯಿತು: ಸಾಟಾ ಎಸ್.ಎಸ್.ಡಿ. ಸೆಕೆಂಡಿಗೆ ಸುಮಾರು 500 ಮೆಗಾಬೈಟ್ ಓದಿದರೆ, ಎನ್.ವಿ.ಎಂ.ಇ. ಮಾದರಿಯವು 3,000ವನ್ನೂ ದಾಟುತ್ತವೆ. ತಿರುಗುವ ಕಾಯುವಿಕೆಯಂತೂ ಇಲ್ಲವೇ ಇಲ್ಲ.

ಸಂಸ್ಕಾರಕದ ಕಥೆ ಬೇರೆ. ಅದರ ವೇಗ ಏರುತ್ತಲೇ ಇರುತ್ತದೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಭೌತವಿಜ್ಞಾನ ಅಡ್ಡ ಬಂತು. ಚಿಪ್ಪಿನ ಮಂಡಲಗಳು ನುಂಗುವ ಶಕ್ತಿ ಆವೃತ್ತಿಗೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಟ್ರಾನ್ಸಿಸ್ಟರು ಕುಗ್ಗಿದಂತೆ ವೋಲ್ಟೇಜನ್ನೂ ಇಳಿಸುತ್ತ ಬಂದಿದ್ದರು. ಸೋರಿಕೆ ಪ್ರವಾಹದ ಕಾಟದಿಂದ ಅದು ನಿಂತಿತು. 2004ರಲ್ಲಿ ಇಂಟೆಲ್ 4 ಗಿಗಾಹರ್ಟ್ಸ್ ಪೆಂಟಿಯಂ ತರುವ ಯೋಜನೆಯನ್ನೇ ಕೈಬಿಟ್ಟಿತು. ಅಲ್ಲಿಂದ ಮುಂದೆ ವೇಗದ ಬದಲು ಗರ್ಭಗಳ ಸಂಖ್ಯೆ, ಅಂದರೆ 'ಕೋರ್'ಗಳು ಹೆಚ್ಚಾದವು. ಆದರೆ ಎಂಟು ಕೋರ್ ಎಂದರೆ ಎಂಟು ಪಟ್ಟು ವೇಗವೇ? 1967ರಲ್ಲಿ ಜೀನ್ ಆಮ್ಡಾಲ್ ತೋರಿಸಿಕೊಟ್ಟ ಲೆಕ್ಕ ಹೀಗಿದೆ. ಕೆಲಸದ ಅರ್ಧವನ್ನು ಮಾತ್ರ ಹಂಚಬಹುದಾದರೆ ಎಂಟು ಕೋರ್‌ಗಳಿಂದ ಸಿಗುವುದು 1.78 ಪಟ್ಟು, ಹದಿನಾರರಿಂದ 1.88 ಪಟ್ಟು, ಸಾವಿರ ಹಾಕಿದರೂ ಎರಡು ಪಟ್ಟು ತಲುಪದು. ಹತ್ತು ಜನ ಸೇರಿದರೆ ಹೊಲದ ಕಳೆ ಬೇಗ ಮುಗಿಯುತ್ತದೆ, ಬೆಳೆ ಬೇಗ ಮಾಗುವುದಿಲ್ಲ. ಫೋಟೊ ತಿದ್ದುವಾಗ ನೂರಾರು ಚಿತ್ರಗಳನ್ನು ಒಟ್ಟಿಗೆ ಪರಿವರ್ತಿಸುವುದು ಕಳೆ ಕೀಳುವ ಕೆಲಸ. ಒಂದು ಮುಖವನ್ನು ಕುಂಚದಿಂದ ಹದಗೊಳಿಸುವುದು ಬಹುಮಟ್ಟಿಗೆ ಮಾಗುವ ಕೆಲಸ.

ಇತ್ತೀಚಿನ ಇಕ್ಕಟ್ಟು ಗ್ರಾಫಿಕ್ಸ್ ಸಂಸ್ಕಾರಕದಲ್ಲಿದೆ. 2008ರಿಂದ ಫೋಟೊಶಾಪ್ ಅದನ್ನು ಅಲ್ಪಸ್ವಲ್ಪ ಬಳಸುತ್ತಿತ್ತು. 2023ರಲ್ಲಿ ಲೈಟ್‌ರೂಮ್‌ಗೆ ಬಂದ, ಯಂತ್ರಕಲಿಕೆಯಿಂದ ಚಿತ್ರದ ಕಾಳುಕಾಳು ಗದ್ದಲವನ್ನು ತೆಗೆಯುವ ಸೌಲಭ್ಯಕ್ಕೆ ಅದು ಬಹುಮುಖ್ಯ. ನೀವು ಅಂಥ ಕೆಲಸವನ್ನು ದಿನಾ ಮಾಡುವವರಾದರೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡಿಗೆ ಕೊಟ್ಟ ಹಣ ಸಾರ್ಥಕ. ಇಲ್ಲವಾದರೆ ಅದೇ ಹಣ ಬೇರೆಡೆ ಹೋಗಲಿ.

ಪರದೆ ಸುಳ್ಳು ಹೇಳಿದರೆ

ಎಲ್ಲಿಗೆ ಹೋಗಬೇಕು? ಹೆಚ್ಚಿನವರು ಕೊನೆಯಲ್ಲಿ ಉಳಿದ ಚಿಲ್ಲರೆಯಿಂದ ಕೊಳ್ಳುವ ಮಾನಿಟರಿಗೆ. ಧಾರೆ ಸೀರೆಯ ಬಣ್ಣ ಪರದೆಯಲ್ಲಿ ಒಂದು, ಆಲ್ಬಮ್ಮಿನಲ್ಲಿ ಇನ್ನೊಂದು ಆಗಿ ಬಂದರೆ ಮದುವೆ ಮನೆಯವರು ಒಪ್ಪುವುದಿಲ್ಲ. ಅವರಿಗೆ ಸಂಸ್ಕಾರಕದ ವೇಗ ಹೇಳಿ ಸಮಾಧಾನ ಮಾಡಲಾಗದು. ಬಣ್ಣಕ್ಕೂ ಮಾನಕವಿದೆ. ಮನುಷ್ಯ ದೃಷ್ಟಿಯ ಪ್ರಯೋಗಗಳ ಆಧಾರದ ಮೇಲೆ 1931ರಲ್ಲಿ ಅಂತರರಾಷ್ಟ್ರೀಯ ಆಯೋಗವೊಂದು ಬಣ್ಣಗಳನ್ನು ಸಂಖ್ಯೆಗಳಲ್ಲಿ ಹೇಳುವ ವಿಧಾನ ರೂಪಿಸಿತು. 1996ರಲ್ಲಿ ಪ್ರಸ್ತಾಪವಾಗಿ 1999ರಲ್ಲಿ ಮಾನಕವಾದ ಎಸ್.ಆರ್.ಜಿ.ಬಿ. ಪದ್ಧತಿ ಅದನ್ನೇ ಆಧರಿಸಿದೆ. ಆ ವ್ಯಾಪ್ತಿಯನ್ನು ಪೂರ್ಣವಾಗಿ ತೋರಿಸುವ, ಓರೆಯಾಗಿ ನೋಡಿದರೂ ಬಣ್ಣ ಕೆಡದ ಐ.ಪಿ.ಎಸ್. ಪರದೆಯನ್ನು ಕೊಂಡು, ಬಣ್ಣ ಅಳೆಯುವ ಉಪಕರಣದಿಂದ ಆಗಾಗ ಹೊಂದಿಸಿಕೊಳ್ಳುವುದು ಲೇಸು. ಕಟ್ಟಿಸಿದ ಯಂತ್ರವಿರಲಿ, ಕೊಂಡ ಯಂತ್ರವಿರಲಿ, ಒಳ್ಳೆಯ ಪರದೆ ಎರಡಕ್ಕೂ ಹೊಂದುತ್ತದೆ. ಪೆಟ್ಟಿಗೆ ಬದಲಾದರೂ ಪರದೆ ಉಳಿಯುತ್ತದೆ.

ಎರಡೂ ಕಡೆಯ ವಾದ

ಬ್ರ್ಯಾಂಡೆಡ್ ಯಂತ್ರದ ಪರವಾದ ಮಾತುಗಳನ್ನು ನ್ಯಾಯವಾಗಿ ಕೇಳೋಣ. ಅಲ್ಲಿ ಇಡೀ ಯಂತ್ರಕ್ಕೆ ಒಬ್ಬರೇ ಹೊಣೆ. ಕಟ್ಟಿಸಿದ್ದರಲ್ಲಿ ಪ್ರತಿ ಭಾಗಕ್ಕೂ ಬೇರೆ ವಾರಂಟಿ. 'ತಪ್ಪು ಬೋರ್ಡಿನದು' ಎಂದು ರ‍್ಯಾಮಿನವರು, 'ರ‍್ಯಾಮಿನದು' ಎಂದು ಬೋರ್ಡಿನವರು ಹೇಳುತ್ತ ಸೀಸನ್ನು ಕಳೆಯಬಹುದು. ಜೋಡಿಸುವವನ ಪ್ರಾಮಾಣಿಕತೆಯನ್ನೂ ನಂಬಬೇಕು. ಹೊರಗಿನ ಊರಿಗೆ ಹೋಗಿ ಅಲ್ಲಿಯೇ ಫೋಟೊ ತಿದ್ದಿ ಕೊಡುವವರಿಗೆ ಲ್ಯಾಪ್‌ಟಾಪ್ ಬಿಟ್ಟರೆ ಗತಿಯಿಲ್ಲ, ಅದನ್ನು ಯಾರೂ ಕಟ್ಟಿಸುವುದಿಲ್ಲ. 2020ರ ನವೆಂಬರಿನಲ್ಲಿ ಬಂದ ಆ್ಯಪಲ್‌ನ ಎಂ-1 ಚಿಪ್ಪು ಮೆಮೊರಿಯನ್ನು ಸಂಸ್ಕಾರಕದ ಮಗ್ಗುಲಲ್ಲೇ ಇಟ್ಟು, ಕಡಿಮೆ ವಿದ್ಯುತ್ತಿನಲ್ಲಿ ಫೋಟೊ ಕೆಲಸವನ್ನು ಚುರುಕಾಗಿ ಮಾಡಿ ತೋರಿಸಿತು. ದೂರ ಕಡಿಮೆಯಾದರೆ ಸಂಕೇತ ಬೇಗ ತಲುಪುತ್ತದೆ, ಶಕ್ತಿ ಉಳಿಯುತ್ತದೆ, ಇದೂ ಭೌತವಿಜ್ಞಾನವೇ.

ಆದರೆ ಹೆಸರು ದೊಡ್ಡದಿದ್ದ ಮಾತ್ರಕ್ಕೆ ಒಳಗಿನ ಭಾಗ ಗಟ್ಟಿಯೆಂದು ತಿಳಿಯಬೇಡಿ. 1999ರಿಂದ ಕೆಲವು ವರ್ಷ ದೋಷಯುಕ್ತ ದ್ರಾವಣ ತುಂಬಿದ ಕೆಪಾಸಿಟರುಗಳು ಜಗತ್ತಿನ ಲಕ್ಷಾಂತರ ಮದರ್‌ಬೋರ್ಡುಗಳಲ್ಲಿ ಸೇರಿಕೊಂಡು, ಊದಿಕೊಂಡು ಒಡೆದವು. ಹೆಸರುವಾಸಿ ಕಂಪನಿಗಳ ಪೆಟ್ಟಿಗೆಗಳೂ ಇದಕ್ಕೆ ಹೊರತಾಗಿರಲಿಲ್ಲ. ಜೊತೆಗೆ, ಮೆಮೊರಿ ಚಿಪ್ಪಿನ ಪಕ್ಕದಲ್ಲೇ ಕೂತಿದ್ದರೆ ನಾಳೆ ಅದನ್ನು ಹಿಗ್ಗಿಸಲು ಬಾರದು. ಕೊಳ್ಳುವ ದಿನವೇ ಐದು ವರ್ಷದ ಅಗತ್ಯ ಊಹಿಸಿ ಹಣ ಕೊಡಬೇಕು. ಕೆಲವು ಬ್ರ್ಯಾಂಡೆಡ್ ಡೆಸ್ಕ್‌ಟಾಪುಗಳಲ್ಲಿ ಬೋರ್ಡಿನ ಆಕಾರವೂ ಎಸ್‌ಎಂಪಿಎಸ್‌ನ ಪ್ಲಗ್ಗೂ ಆ ಕಂಪನಿಗೇ ವಿಶಿಷ್ಟವಾದವು. ಎಸ್‌ಎಂಪಿಎಸ್ ಸುಟ್ಟರೆ ಪೇಟೆಯ ಯಾವುದೂ ಅದಕ್ಕೆ ಕೂರದು. ವಿಟ್‌ವರ್ತ್‌ಗೆ ಮುಂಚಿನ ಕಾಲಕ್ಕೆ ಮರಳಿದಂತೆ.

ನಮ್ಮ ಊರುಗಳ ಇನ್ನೆರಡು ಸಂಗತಿ ಸೇರಿಸಿಕೊಳ್ಳಿ. ಒಂದು, ಧೂಳು ಮತ್ತು ಸೆಕೆ. ಮಂಡಿಯ ಧಾನ್ಯದ ಧೂಳು, ಮಂಡಕ್ಕಿ ಭಟ್ಟಿಯ ಹೊಗೆ, ಏಪ್ರಿಲ್ ಮೇ ತಿಂಗಳ ಬಿಸಿಲು – ಇವು ಸೇರಿದರೆ ಹೀಟ್ ಸಿಂಕಿನ ರೆಕ್ಕೆಗಳ ನಡುವೆ ಗಾಳಿ ಆಡದು. ಬಿಸಿಯಾದ ಚಿಪ್ಪು ತನ್ನನ್ನು ತಾನೇ ನಿಧಾನ ಮಾಡಿಕೊಳ್ಳುತ್ತದೆ. ಮದುವೆ ಸೀಸನ್ನೂ ಅದೇ ತಿಂಗಳುಗಳಲ್ಲಿ! ದೊಡ್ಡ ಕ್ಯಾಬಿನೆಟ್ಟನ್ನು ತೆರೆದು ಒರೆಸುವುದು ಸುಲಭ. ಎರಡು, ವಿದ್ಯುತ್ತು. ಒಳ್ಳೆಯ ಎಸ್‌ಎಂಪಿಎಸ್, ಕೆಲಸ ಉಳಿಸಿ ಯಂತ್ರ ಆರಿಸುವಷ್ಟು ಹೊತ್ತು ನಿಲ್ಲುವ ಯುಪಿಎಸ್, ಬೇರೆ ಡಿಸ್ಕಿನಲ್ಲಿ ಇನ್ನೊಂದು ಪ್ರತಿ – ಇವಿಲ್ಲದೆ ಯಾವ ಸಂಸ್ಕಾರಕ ಹಾಕಿದರೂ ವ್ಯರ್ಥ. ಹೋದ ಮದುವೆಯನ್ನು ಮತ್ತೆ ಮಾಡಿಸಿ ಫೋಟೊ ತೆಗೆಯಲಾಗದು.

ಆರಿಸುವುದು ಹೇಗೆ?

ಅಧ್ಯಾಪಕರೇ, ಇದನ್ನು ಒಂದು ಪ್ರಯೋಗವಾಗಿ ಮಾಡಿಸಬಹುದು. ಈಗಿರುವ ಯಂತ್ರದಲ್ಲಿ ನೀವು ನಿಜವಾಗಿ ಮಾಡುವ ಕೆಲಸವನ್ನೇ ತೆರೆಯಿರಿ. ವಿಂಡೋಸಿನ ಟಾಸ್ಕ್ ಮ್ಯಾನೇಜರನ್ನು ಪಕ್ಕದಲ್ಲಿಟ್ಟುಕೊಂಡು, ಕಾಯಬೇಕಾಗಿ ಬಂದ ಪ್ರತಿ ಸಲವೂ ಮೆಮೊರಿ, ಡಿಸ್ಕ್, ಸಂಸ್ಕಾರಕ, ಗ್ರಾಫಿಕ್ಸ್ – ನಾಲ್ಕರಲ್ಲಿ ಯಾವುದು ತುಂಬಿದೆ ಎಂದು ಬರೆದಿಡಿ. ಒಂದು ವಾರದ ಪಟ್ಟಿ ನಿಮ್ಮ ಇಕ್ಕಟ್ಟನ್ನು ತಾನೇ ಹೇಳುತ್ತದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರವನ್ನು 16 ಬಿಟ್‌ನಲ್ಲಿ ತೆರೆದರೆ ಪದರಕ್ಕೆ 144 ಮೆಗಾಬೈಟ್ ಎಂಬುದನ್ನು ವಿದ್ಯಾರ್ಥಿಗಳೇ ಲೆಕ್ಕ ಹಾಕಲಿ. ಇಂಥ ಕೆಲಸಕ್ಕೆ 16 ಗಿಗಾಬೈಟ್ ರ‍್ಯಾಮ್ ಕನಿಷ್ಠ, 32 ಇದ್ದರೆ ನಿರಾಳ ಎಂಬ ಮಾತು ಆಗ ಅವರಿಗೆ ಬಾಯಿಪಾಠವಾಗದೆ ಅರ್ಥವಾಗುತ್ತದೆ.

ನನ್ನ ಅಭಿಪ್ರಾಯ ಕೇಳುವುದಾದರೆ: ಒಂದೇ ಜಾಗದಲ್ಲಿ ಕೂತು ಕೆಲಸ ಮಾಡುವ, ನಂಬಿಕೆಯ ಜೋಡಣೆಗಾರ ಊರಿನಲ್ಲೇ ಇರುವ ಸ್ಟುಡಿಯೊಗೆ ಕಟ್ಟಿಸಿದ ಯಂತ್ರ ಹೊಂದುತ್ತದೆ; ಇಕ್ಕಟ್ಟು ಜಾಗ ಬದಲಿಸಿದಾಗ ಆ ಒಂದು ಭಾಗವನ್ನಷ್ಟೇ ಬದಲಿಸಬಹುದು. ಯಂತ್ರದ ಗೊಡವೆಯೇ ಬೇಡ, ಅಥವಾ ಹೊತ್ತು ತಿರುಗಬೇಕು ಎನ್ನುವವರಿಗೆ ಕೊಂಡದ್ದೇ ಸರಿ. ಆದರೆ ಕೊಳ್ಳುವ ಮುನ್ನ ಅಂಗಡಿಯವರನ್ನು ಮೂರು ಪ್ರಶ್ನೆ ಕೇಳಿ: ರ‍್ಯಾಮ್ ಹೆಚ್ಚಿಸಬಹುದೇ? ಡಿಸ್ಕ್ ಬದಲಿಸಬಹುದೇ? ಎಸ್‌ಎಂಪಿಎಸ್ ಮಾನಕ ಅಳತೆಯದೇ? ಮೂರಕ್ಕೂ 'ಇಲ್ಲ' ಎಂಬ ಉತ್ತರ ಬಂದರೆ, ನೀವು ಕೊಳ್ಳುತ್ತಿರುವುದು ಅದರ ಆಯುಷ್ಯವನ್ನು ಬೇರೆಯವರು ನಿರ್ಧರಿಸುವ ಯಂತ್ರವನ್ನು ಎಂದು ತಿಳಿದೇ ಕೊಳ್ಳಿ.

ಬಳಕೆದಾರರ ಈ ಹಕ್ಕು ಈಗ ಸರ್ಕಾರಗಳ ಗಮನಕ್ಕೂ ಬಂದಿದೆ. 2022ರಲ್ಲಿ ಭಾರತದ ಗ್ರಾಹಕ ವ್ಯವಹಾರಗಳ ಇಲಾಖೆ 'ದುರಸ್ತಿಯ ಹಕ್ಕಿ'ಗೆ ಚೌಕಟ್ಟು ರೂಪಿಸಲು ಸಮಿತಿಯೊಂದನ್ನು ನೇಮಿಸಿತು. ಕಾನೂನು ಎಷ್ಟು ದೂರ ಹೋಗುತ್ತದೋ ಕಾಲವೇ ಹೇಳಬೇಕು. ಅದಕ್ಕಿಂತ ಮುಖ್ಯವಾದದ್ದು ನಮ್ಮ ಮಕ್ಕಳ ಕೈ. ಸಣ್ಣ ಊರುಗಳ ಒಂದು ತಲೆಮಾರು ಕಂಪ್ಯೂಟರಿನ ಒಳಗನ್ನು ಕಂಡದ್ದು ಪೆಟ್ಟಿಗೆಯ ನಾಲ್ಕು ತಿರುಪು ಬಿಚ್ಚಿ. ರ‍್ಯಾಮ್ ಎಲ್ಲಿ ಕೂರುತ್ತದೆ, ಗಾಳಿ ಯಾವ ಕಡೆಯಿಂದ ಬರುತ್ತದೆ, ಪ್ಲಗ್ಗು ಒಂದೇ ದಿಕ್ಕಿನಲ್ಲಿ ಏಕೆ ಹೋಗುತ್ತದೆ ಎಂಬುದನ್ನು ಅವರು ಬೆರಳಿನಿಂದ ಕಲಿತರು. ನಿಮ್ಮ ಶಾಲೆಯಲ್ಲಿ ಮೂಲೆಗೆ ಸೇರಿದ ಹಳೆಯ ಕಂಪ್ಯೂಟರ್ ಇದ್ದರೆ ಗುಜರಿಗೆ ಹಾಕುವ ಮೊದಲು ವಿದ್ಯುತ್ ಸಂಪರ್ಕ ಕಿತ್ತು, ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ತೆರೆಯದೆ, ಉಳಿದದ್ದನ್ನು ವಿದ್ಯಾರ್ಥಿಗಳಿಂದ ಬಿಚ್ಚಿಸಿ, ಮತ್ತೆ ಜೋಡಿಸಲು ಹೇಳಿ. ತಿರುಪು ಉಳಿದರೆ ಚಿಂತೆಯಿಲ್ಲ, ಪ್ರಶ್ನೆಗಳೂ ಉಳಿಯುತ್ತವೆ.